ಸುಡೊ ದೋಷ ಸಿವಿಇ-2021-3156: ಲಿನಕ್ಸ್ ಯಂತ್ರವನ್ನು ಪರೀಕ್ಷಿಸಿ ಸರಿಪಡಿಸುವ ಕ್ರಮ

ಲಿನಕ್ಸ್ ಸರ್ವರ್ ನೋಡಿಕೊಳ್ಳುವ ಪ್ರತಿಯೊಬ್ಬರೂ ದಿನಕ್ಕೆ ಹಲವು ಬಾರಿ ಬಳಸುವ, ಆದೇಶವನ್ನು ಹೆಚ್ಚಿನ ಅಧಿಕಾರದಲ್ಲಿ ಓಡಿಸುವ ಸುಡೊ ಪ್ರೋಗ್ರಾಮಿನಲ್ಲಿ ಗಂಭೀರವಾದ ಮೆಮೊರಿ ದೋಷವೊಂದಿದೆ ಎಂದು ಕ್ವಾಲಿಸ್ ಸಂಸ್ಥೆಯ ಸಂಶೋಧಕರು 2021ರ ಜನವರಿ 26ರಂದು ಪ್ರಕಟಿಸಿದರು. ಬ್ಯಾರನ್ ಸಮೆಡಿಟ್ ಎಂಬ ಹೆಸರನ್ನೂ, ಭದ್ರತಾ ದೋಷಗಳ ಸಾರ್ವಜನಿಕ ಪಟ್ಟಿಯಾದ ಸಿವಿಇಯಲ್ಲಿ 2021-3156 ಎಂಬ ಸಂಖ್ಯೆಯನ್ನೂ ಪಡೆದ ಈ ದೋಷ 2011ರ ಜುಲೈನಲ್ಲಿ ಕೋಡಿನೊಳಗೆ ಸೇರಿ, ಹೆಚ್ಚುಕಡಿಮೆ ಹತ್ತು ವರ್ಷ ಯಾರ ಕಣ್ಣಿಗೂ ಬೀಳದೆ ಉಳಿದಿತ್ತು. ಸುಡೊ 1.8.2ರಿಂದ 1.8.31ಪಿ2ವರೆಗಿನ ಮತ್ತು 1.9.0ರಿಂದ 1.9.5ಪಿ1ವರೆಗಿನ ಆವೃತ್ತಿಗಳು, ಯಾವ ವಿಶೇಷ ಹೊಂದಾಣಿಕೆಯೂ ಇಲ್ಲದ ಸಹಜ ಸ್ಥಿತಿಯಲ್ಲೇ ಇದಕ್ಕೆ ಗುರಿಯಾಗುತ್ತವೆ. ದುರಸ್ತಿಯಾದ ಆವೃತ್ತಿ 1.9.5ಪಿ2.

ಸುಡೊ ಕಡತದ ಒಡೆಯ ರೂಟ್, ಅಂದರೆ ಯಂತ್ರದ ಮೇಲೆ ಪೂರ್ಣ ಅಧಿಕಾರವಿರುವ ಖಾತೆ. ಆ ಕಡತಕ್ಕೆ ಸೆಟ್‌ಯುಐಡಿ ಬಿಟ್, ಅಂದರೆ ಓಡಿಸಿದವರ ಬದಲು ಒಡೆಯನ ಅಧಿಕಾರದಲ್ಲಿ ಓಡಿಸುವ ಗುರುತು, ಇರುತ್ತದೆ. ಆದ್ದರಿಂದ ಯಾರು ಓಡಿಸಿದರೂ ಅದು ಪಾಸ್‌ವರ್ಡ್ ಕೇಳುವ ಮೊದಲೇ ರೂಟ್ ಅಧಿಕಾರದಲ್ಲಿ ಓಡುತ್ತಿರುತ್ತದೆ. ಸುಡೊ ಅನುಮತಿ ಯಾರಿಗಿದೆ ಎಂದು ಬರೆದಿಡುವ ಸುಡೋಯರ್ಸ್ ಕಡತದಲ್ಲಿ ಹೆಸರೇ ಇಲ್ಲದ ಬಳಕೆದಾರನೂ, ಕಡೆಗೆ ನೋಬಡಿ ಎಂಬ ಅತಿ ಕಡಿಮೆ ಅಧಿಕಾರದ ಖಾತೆಯೂ, ಈ ದೋಷದ ಮೂಲಕ ಪೂರ್ಣ ರೂಟ್ ಆಗಬಹುದು. 'ನಮ್ಮ ಯಂತ್ರದಲ್ಲಿ ಸುಡೊ ಅನುಮತಿ ಇರುವುದು ಇಬ್ಬರಿಗೆ ಮಾತ್ರ' ಎಂಬ ಸಮಾಧಾನಕ್ಕೆ ಇಲ್ಲಿ ಬೆಲೆಯಿಲ್ಲ. ವೆಬ್ ಅಪ್ಲಿಕೇಶನ್ನಿನ ದೋಷವೊಂದರಿಂದ ಒಳಗೆ ಕಾಲಿಟ್ಟವನೂ ಸ್ಥಳೀಯ ಬಳಕೆದಾರನೇ.

ದೋಷದ ಒಳಗುಟ್ಟು ತಿಳಿದರೆ ಮುಂದಿನ ಪರೀಕ್ಷೆ ತಾನಾಗಿಯೇ ಅರ್ಥವಾಗುತ್ತದೆ. ಸುಡೊಗೆ ಹೈಫನ್ ಎಸ್ ಆಯ್ಕೆ ಕೊಟ್ಟರೆ ಆದೇಶ ಶೆಲ್ (ಆದೇಶಗಳನ್ನು ಓದಿ ಓಡಿಸುವ ಪ್ರೋಗ್ರಾಂ) ಮೂಲಕ ಓಡುವುದರಿಂದ, ಸುಡೊ ಆರ್ಗ್ಯುಮೆಂಟುಗಳಲ್ಲಿ, ಅಂದರೆ ಆದೇಶದ ಜೊತೆ ಕೊಟ್ಟ ಪದಗಳಲ್ಲಿ, ಇರುವ ವಿಶೇಷ ಚಿಹ್ನೆಗಳ ಮುನ್ನ ಒಂದೊಂದು ಬ್ಯಾಕ್‌ಸ್ಲ್ಯಾಶ್ ಸೇರಿಸುತ್ತದೆ. ಆಮೇಲೆ ಸುಡೋಯರ್ಸ್ ನಿಯಮಗಳೊಂದಿಗೆ ತಾಳೆ ನೋಡುವ ಭಾಗವು ಆ ಬ್ಯಾಕ್‌ಸ್ಲ್ಯಾಶ್‌ಗಳನ್ನು ತೆಗೆದುಹಾಕುತ್ತಾ, ಉಳಿದ ಅಕ್ಷರಗಳನ್ನು ಹೀಪ್ ಎಂಬ ಮೆಮೊರಿ ಭಾಗದಲ್ಲಿ ಕಾದಿರಿಸಿದ ಬಫರಿಗೆ (ತಾತ್ಕಾಲಿಕ ಜಾಗಕ್ಕೆ) ನಕಲಿಸುತ್ತದೆ. ಬ್ಯಾಕ್‌ಸ್ಲ್ಯಾಶ್ ಕಂಡರೆ ಅದನ್ನು ಬಿಟ್ಟು ಮುಂದಿನ ಅಕ್ಷರವನ್ನು ನಕಲಿಸು ಎಂಬುದಷ್ಟೇ ಅದರ ನಿಯಮ. ಆರ್ಗ್ಯುಮೆಂಟ್ ಒಂಟಿ ಬ್ಯಾಕ್‌ಸ್ಲ್ಯಾಶ್‌ನಿಂದ ಕೊನೆಗೊಂಡಿದ್ದರೆ ಮುಂದಿನ ಅಕ್ಷರವೆಂದರೆ ಅಕ್ಷರಸರಣಿಯ ಅಂತ್ಯ ಸೂಚಿಸುವ ನಲ್. ಕೋಡು ಆ ನಲ್ಲನ್ನೂ ನಕಲಿಸಿ, ಅದನ್ನು ದಾಟಿ, ಮೆಮೊರಿಯಲ್ಲಿ ಪಕ್ಕದಲ್ಲಿರುವುದನ್ನೆಲ್ಲ ಓದುತ್ತಾ ಬರೆಯುತ್ತಾ ಹೋಗುತ್ತದೆ. ಬಫರಿನ ಗಾತ್ರವನ್ನು ಆರ್ಗ್ಯುಮೆಂಟಿನ ಉದ್ದದಿಂದ ಲೆಕ್ಕ ಹಾಕಿರುವುದರಿಂದ ಈ ಹೆಚ್ಚುವರಿ ಬರಹ ಬಫರಿನ ಗಡಿ ಮೀರಿ ಹೀಪ್‌ನಲ್ಲಿರುವ ಬೇರೆ ದತ್ತಾಂಶವನ್ನು ಕೆಡಿಸುತ್ತದೆ.

ಸಾಮಾನ್ಯ ಸುಡೊ ಆದೇಶದಲ್ಲಿ ಹೀಗಾಗದು, ಏಕೆಂದರೆ ಮೊದಲ ಹಂತದಲ್ಲೇ ಕೊನೆಯ ಬ್ಯಾಕ್‌ಸ್ಲ್ಯಾಶ್ ಎರಡಾಗಿರುತ್ತದೆ. ಆದರೆ ಅದೇ ಪ್ರೋಗ್ರಾಮನ್ನು ಕಡತ ತಿದ್ದಲು ಬಳಸುವ ಸುಡೊಎಡಿಟ್ ಎಂಬ ಹೆಸರಿನಿಂದ ಕರೆದು ಹೈಫನ್ ಎಸ್ ಕೊಟ್ಟಾಗ, ಬ್ಯಾಕ್‌ಸ್ಲ್ಯಾಶ್ ಸೇರಿಸುವ ಹಂತ ತಪ್ಪಿಹೋಗಿ, ತೆಗೆಯುವ ಹಂತ ಮಾತ್ರ ನಡೆಯುತ್ತಿತ್ತು. ಎಷ್ಟು ಉದ್ದ, ಯಾವ ಅಕ್ಷರಗಳು ಗಡಿ ದಾಟಬೇಕು ಎಂಬುದನ್ನು ದಾಳಿಕೋರನೇ ನಿರ್ಧರಿಸಬಹುದಾಗಿತ್ತು ಎಂಬುದು ಇದನ್ನು ಇನ್ನಷ್ಟು ಅಪಾಯಕಾರಿಯಾಗಿಸಿತು. ಲಿನಕ್ಸ್ ವಿತರಣೆಗಳಾದ ಉಬುಂಟು 20.04, ಡೆಬಿಯನ್ 10, ಫೆಡೋರಾ 33 ಮೂರರಲ್ಲೂ ಸಂಶೋಧಕರು ರೂಟ್ ಅಧಿಕಾರ ಪಡೆದು ತೋರಿಸಿದರು.

ಈಗ ಪರೀಕ್ಷೆಗೆ ಬರೋಣ. ರೂಟ್ ಅಲ್ಲದ ಸಾಮಾನ್ಯ ಖಾತೆಯಿಂದ ಟರ್ಮಿನಲ್ ತೆರೆದು, ಸುಡೊಎಡಿಟ್, ಒಂದು ಸ್ಪೇಸ್, ಹೈಫನ್ ಎಸ್ (ನಡುವೆ ಸ್ಪೇಸ್ ಇಲ್ಲದೆ, ಇಂಗ್ಲಿಷಿನ ಸಣ್ಣಕ್ಷರದಲ್ಲಿ), ಮತ್ತೊಂದು ಸ್ಪೇಸ್, ಬಳಿಕ ಒಂದೇ ಒಂದು ಫಾರ್ವರ್ಡ್ ಸ್ಲ್ಯಾಶ್ ಟೈಪ್ ಮಾಡಿ ಎಂಟರ್ ಒತ್ತಿ. ಬ್ಯಾಕ್‌ಸ್ಲ್ಯಾಶ್ ಅಲ್ಲ, ಫಾರ್ವರ್ಡ್ ಸ್ಲ್ಯಾಶ್ ಎಂಬುದನ್ನು ಗಮನಿಸಿ; ಈ ಪರೀಕ್ಷೆಯಿಂದ ಮೆಮೊರಿಗೆ ಯಾವ ಹಾನಿಯೂ ಆಗುವುದಿಲ್ಲ. ಉತ್ತರದ ಮೊದಲ ಪದ 'ಯೂಸೇಜ್' ಆಗಿದ್ದರೆ ಯಂತ್ರ ದುರಸ್ತಿಯಾಗಿದೆ, ಏಕೆಂದರೆ ಸರಿಪಡಿಸಿದ ಸುಡೊಎಡಿಟ್ ಹೈಫನ್ ಎಸ್ ಆಯ್ಕೆಯನ್ನೇ ಒಪ್ಪದೆ ಬಳಕೆಯ ವಿಧಾನ ತೋರಿಸಿ ನಿಲ್ಲುತ್ತದೆ. ಪಾಸ್‌ವರ್ಡ್ ಕೇಳಿದರೆ, ಅಥವಾ 'ಸುಡೊಎಡಿಟ್' ಎಂದು ಆರಂಭವಾಗುವ ದೋಷಸಂದೇಶ ಬಂದರೆ, ನಿಮ್ಮ ಯಂತ್ರ ಇನ್ನೂ ಬಾಗಿಲು ತೆರೆದುಕೊಂಡೇ ಇದೆ.

ಆವೃತ್ತಿ ಸಂಖ್ಯೆಯೊಂದನ್ನೇ ನೋಡಿ ತೀರ್ಮಾನಿಸುವುದು ಇಲ್ಲಿ ದಾರಿ ತಪ್ಪಿಸುತ್ತದೆ. ಡೆಬಿಯನ್, ಉಬುಂಟು, ರೆಡ್ ಹ್ಯಾಟ್ ಮೊದಲಾದವು ಹೊಸ ಆವೃತ್ತಿಯನ್ನು ತರುವ ಬದಲು ಹಳೆಯ ಆವೃತ್ತಿಗೇ ದುರಸ್ತಿಯನ್ನು ಸೇರಿಸುತ್ತವೆ. ಉಬುಂಟು 20.04ರಲ್ಲಿ ದುರಸ್ತಿಯಾದ ಪ್ಯಾಕೇಜು 1.8.31-1ಉಬುಂಟು1.2, ಅದರ ಮೂಲ ಸಂಖ್ಯೆ ಮಾತ್ರ ಹಳೆಯದೇ. ಖಚಿತಪಡಿಸಿಕೊಳ್ಳಲು ಪ್ಯಾಕೇಜಿನ ಚೇಂಜ್‌ಲಾಗ್ (ಬದಲಾವಣೆಗಳ ಪಟ್ಟಿ) ತೆರೆದು ಅಲ್ಲಿ ಸಿವಿಇ-2021-3156 ಉಲ್ಲೇಖವಿದೆಯೇ ಎಂದು ಹುಡುಕಿ.

ದುರಸ್ತಿ ಮಾಡುವುದು ಸುಲಭ. ಡೆಬಿಯನ್ ಕುಟುಂಬದಲ್ಲಿ ಪ್ಯಾಕೇಜ್ ನಿರ್ವಾಹಕ ಎಪಿಟಿ ಮೂಲಕ ಪ್ಯಾಕೇಜುಗಳ ಪಟ್ಟಿಯನ್ನು ನವೀಕರಿಸಿ ಸುಡೊ ಪ್ಯಾಕೇಜನ್ನು ಮೇಲ್ದರ್ಜೆಗೇರಿಸಿ. ಫೆಡೋರಾ, ರೆಡ್ ಹ್ಯಾಟ್ ಕುಟುಂಬದಲ್ಲಿ ಡಿಎನ್ಎಫ್ ಅಥವಾ ಯಮ್ ಬಳಸಿ. ರೀಬೂಟ್ ಬೇಕಿಲ್ಲ, ಏಕೆಂದರೆ ಪ್ರತಿ ಬಾರಿ ಕರೆದಾಗಲೂ ಸುಡೊ ಹೊಸದಾಗಿ ಡಿಸ್ಕಿನಿಂದ ಓಡುತ್ತದೆ. ಮ್ಯಾಕ್‌ಓಎಸ್ ಬಳಸುವವರಿಗೆ ಬಿಗ್ ಸರ್ 11.2.1ರಲ್ಲಿ ದುರಸ್ತಿ ಬಂದಿದೆ. ನವೀಕರಣದ ನಂತರ ಮೇಲಿನ ಪರೀಕ್ಷೆಯನ್ನು ಇನ್ನೊಮ್ಮೆ ನಡೆಸಲೇಬೇಕು.

ಬೆಂಬಲ ಅವಧಿ ಮುಗಿದ ಹಳೆಯ ಯಂತ್ರಕ್ಕೆ ಪ್ಯಾಕೇಜು ಸಿಗದಿದ್ದರೆ, ಮೂಲ ಕೋಡಿನಿಂದ ಹೊಸ ಸುಡೊ ಕಟ್ಟಿಕೊಳ್ಳಬಹುದು, ಅಥವಾ ರೂಟ್ ಖಾತೆಗೆ ಪ್ರವೇಶ ಖಚಿತಪಡಿಸಿಕೊಂಡು ಹಳೆಯ ಸುಡೊ ಕಡತದ ಸೆಟ್‌ಯುಐಡಿ ಬಿಟ್ ತೆಗೆದುಹಾಕಬಹುದು. ಎರಡನೆಯದರಿಂದ ಸುಡೊ ಕೆಲಸ ಮಾಡುವುದೇ ನಿಲ್ಲುತ್ತದೆ. ಹಲವರು ಲಾಗಿನ್ ಆಗುವ ಯಂತ್ರದಲ್ಲಿ ಆ ಅನನುಕೂಲವನ್ನು ಸಹಿಸಿಕೊಳ್ಳುವುದೇ ಮೇಲು ಎಂಬುದು ನನ್ನ ಅಭಿಪ್ರಾಯ. ರೆಡ್ ಹ್ಯಾಟ್ ಸೂಚಿಸಿದ, ಸಿಸ್ಟಮ್‌ಟ್ಯಾಪ್ ಎಂಬ ಉಪಕರಣದಿಂದ ಹಾಕುವ ತಡೆಯೂ ಇದೆ, ಆದರೆ ರೀಬೂಟ್ ಆದೊಡನೆ ಅದು ಇಲ್ಲವಾಗುತ್ತದೆ. ಸುಡೊಎಡಿಟ್ ಎಂಬ ಕೊಂಡಿಯನ್ನು ಮಾತ್ರ ಅಳಿಸಿ ಸುಮ್ಮನಾಗಬೇಡಿ: ಅದು ಸುಡೊ ಕಡತಕ್ಕಿರುವ ಇನ್ನೊಂದು ಹೆಸರಷ್ಟೇ, ಅಂಥ ಕೊಂಡಿಯನ್ನು ಯಾವ ಬಳಕೆದಾರನೂ ತನ್ನ ಹೋಮ್ ಡೈರೆಕ್ಟರಿಯಲ್ಲೇ ಮತ್ತೆ ಸೃಷ್ಟಿಸಬಲ್ಲ.

ಯಂತ್ರದಲ್ಲಿ ಸುಡೊದ ಎರಡನೆಯ ಪ್ರತಿ ಇದೆಯೇ ಎಂದು ಹುಡುಕುವ ಕೆಲಸ ಸಾಮಾನ್ಯವಾಗಿ ಬಿಟ್ಟುಹೋಗುತ್ತದೆ. ಹಿಂದೆ ಯಾರೋ ಕೈಯಾರೆ ಕಟ್ಟಿದ ಸುಡೊ, ಯುಎಸ್ಆರ್ ಲೋಕಲ್ ಬಿನ್ ಡೈರೆಕ್ಟರಿಯಲ್ಲಿ ಸೆಟ್‌ಯುಐಡಿ ಬಿಟ್ ಸಮೇತ ಉಳಿದಿದ್ದರೆ ಪ್ಯಾಕೇಜ್ ನವೀಕರಣ ಅದನ್ನು ಮುಟ್ಟುವುದಿಲ್ಲ. ಫೈಂಡ್ ಆದೇಶದಿಂದ ಸೆಟ್‌ಯುಐಡಿ ಇರುವ ಎಲ್ಲ ಕಡತಗಳನ್ನೂ ಪಟ್ಟಿ ಮಾಡಿ, ಸುಡೊ ಹೆಸರಿನವು ಎಷ್ಟಿವೆ ಎಂದು ನೋಡಿ. ಸುಡೊ ಇರುವ ಕಂಟೈನರ್ ಇಮೇಜುಗಳನ್ನೂ, ಹೊಸ ವರ್ಚುವಲ್ ಯಂತ್ರಗಳಿಗೆ ಅಚ್ಚಾಗಿ ಬಳಸುವ ಡಿಸ್ಕ್ ಇಮೇಜುಗಳನ್ನೂ ದುರಸ್ತಿಯಾದ ಪ್ಯಾಕೇಜಿನಿಂದ ಮತ್ತೆ ಕಟ್ಟಬೇಕು. ಇಲ್ಲವಾದರೆ ಅವುಗಳಿಂದ ಹುಟ್ಟುವ ಪ್ರತಿ ಹೊಸ ಯಂತ್ರವೂ 2011ರ ಅದೇ ದೋಷದೊಂದಿಗೆ ಏಳುತ್ತದೆ.