ತಿರುಗುವ ತೋಟದಲ್ಲಿ ಮೆಣಸು ಎಲ್ಲಿ ಬೀಳುತ್ತದೆ?

ನನ್ನ ವಿಜ್ಞಾನ ಕತೆಗಳು ಹೆಚ್ಚಾಗಿ ನಡೆಯುವುದು ಒಂದೇ ಜಾಗದಲ್ಲಿ. ಅಂತರಿಕ್ಷದಲ್ಲಿ ತನ್ನ ಅಕ್ಷದ ಸುತ್ತ ತಿರುಗುವ ಉಕ್ಕಿನ ಸಿಲಿಂಡರ್, ಅದರ ಒಳಮೈ ಮೇಲೆ ಮಣ್ಣು, ಮಣ್ಣಿನ ಮೇಲೆ ಕಾಫಿ ತೋಟ. ಓದುವವರು ಬಹುಪಾಲು ಕೊಡಗಿನವರು, ಅದರಲ್ಲೂ ತೋಟ ನೋಡಿಕೊಳ್ಳುವವರು, ಹಾಗಾಗಿ ಪ್ರಶ್ನೆಗಳೂ ಅದೇ ಜಾತಿಯವು. ಒಟ್ಟು ಎಷ್ಟು ಎಕರೆ? ಕಾಫಿ ಗಿಡ ಹೂ ಬಿಡಲು ಬೇಕಾದ ಬೇಸಿಗೆಯ ಹೂಮಳೆ ಎಲ್ಲಿಂದ ಬರುತ್ತದೆ? ಏಣಿ ಮೇಲಿಂದ ಮೆಣಸಿನ ಚೀಲ ಜಾರಿದರೆ ನೇರ ಬುಡಕ್ಕೇ ಬೀಳುತ್ತಾ? "ಕತೆ ಅಲ್ವಾ, ಬಿಡಿ" ಅಂದು ಜಾರಿಕೊಳ್ಳಬಹುದು. ಆದರೆ ನನ್ನ ಲೋಕದಲ್ಲಿ ಒಂದೇ ಒಂದು ಸುಳ್ಳಿಗೆ ಜಾಗ ಕೊಟ್ಟಿದ್ದೇನೆ: ಅಷ್ಟು ಉಕ್ಕು, ಮಣ್ಣು, ನೀರನ್ನು ಯಾರೋ ಮೇಲಕ್ಕೆ ಸಾಗಿಸಿದ್ದಾರೆ. ಮಿಕ್ಕದ್ದೆಲ್ಲ ಲೆಕ್ಕಕ್ಕೆ ಬಗ್ಗಲೇಬೇಕು.

ಒಳಗಿದ್ದವರಿಗೆ ತೂಕ ಕೊಡುವುದು ಈ ತಿರುಗುವಿಕೆಯೇ, ಹಾಗಾಗಿ ಮೊದಲು ತಿರುಗುವ ವೇಗ ಗೊತ್ತು ಮಾಡಿಕೊಳ್ಳುತ್ತೇನೆ. ನಿಮಿಷಕ್ಕೆ 2 ಸುತ್ತಿಗಿಂತ ಜೋರಾದರೆ ತಲೆ ಆಡಿಸಿದಾಗ ಹಲವರಿಗೆ ತಲೆಸುತ್ತು ಬರುತ್ತದೆ, ಆದ್ದರಿಂದ ಅಲ್ಲಿಗೇ ನಿಲ್ಲಿಸಿದ್ದೇನೆ. 2 ಸುತ್ತನ್ನು 2π ಯಿಂದ ಗುಣಿಸಿ 60ರಿಂದ ಭಾಗಿಸಿದರೆ ಸೆಕೆಂಡಿಗೆ 0.2094 ರೇಡಿಯನ್ (ರೇಡಿಯನ್ ಅಂದರೆ ಕೋನದ ಅಳತೆ, ಒಂದು ಸುತ್ತಿಗೆ 2π). ನೆಲದ ಮೇಲೆ ಭೂಮಿಯಷ್ಟೇ ತೂಕ ಬೇಕಾದ್ದರಿಂದ, ಅದರ ವರ್ಗದಿಂದ ಭೂಮಿಯ ಗುರುತ್ವವಾದ 9.81 ಅನ್ನು ಭಾಗಿಸಿದರೆ ತ್ರಿಜ್ಯ ಸುಮಾರು 224 ಮೀಟರ್. ಸ್ವತಃ ಲೆಕ್ಕ ಹಾಕಿ ನೋಡುವ ಓದುಗರು ಹೆಚ್ಚಾಗಿ ಎಡವುವುದು ಇಲ್ಲೇ. ರೇಡಿಯನ್‌ಗೆ ಬದಲಿಸದೆ 2 ಅನ್ನೇ ಹಾಕಿದರೆ ತ್ರಿಜ್ಯ ಎರಡೂವರೆ ಮೀಟರ್ ಬರುತ್ತದೆ. ಅಲ್ಲಿ ತೋಟವಿರಲಿ, ಜೀಪು ತಿರುಗಿಸುವುದಕ್ಕೂ ಜಾಗವಿಲ್ಲ. 224 ಮೀಟರ್ ಆದರೆ ಸುತ್ತಳತೆ 1,407 ಮೀಟರ್. ಉದ್ದ ಒಂದು ಕಿಲೋಮೀಟರ್ ಇಟ್ಟರೆ ಸುಮಾರು 348 ಎಕರೆ.

ಈಗ ಮೆಣಸಿಗೆ ಬರೋಣ. ಸಿಲ್ವರ್ ಓಕಿಗೆ ಹಬ್ಬಿದ ಬಳ್ಳಿ, 20 ಅಡಿ ಏಣಿ, ಅಂದರೆ 6 ಮೀಟರ್. ಏಣಿಯ ತುದಿ ಅಕ್ಷದಿಂದ 218 ಮೀಟರ್ ದೂರದಲ್ಲಿದೆ. ಚೀಲ ಕೈಬಿಟ್ಟ ಕ್ಷಣದಿಂದ ಅದನ್ನು ಎಳೆಯುವವರು ಯಾರೂ ಇಲ್ಲ; ತುದಿಯಲ್ಲಿದ್ದಾಗಿನ ಸೆಕೆಂಡಿಗೆ 45.7 ಮೀಟರ್ ವೇಗದಲ್ಲೇ ನೇರ ಗೆರೆಯಲ್ಲಿ ಹೋಗುತ್ತದೆ, ನೆಲ ಬಂದು ಅದಕ್ಕೆ ಬಡಿಯುತ್ತದೆ. ಆ ಗೆರೆಯ ಉದ್ದ 224ರ ವರ್ಗದಿಂದ 218ರ ವರ್ಗ ಕಳೆದು ತೆಗೆದ ವರ್ಗಮೂಲ, 51.5 ಮೀಟರ್. ಹಿಡಿಯುವ ಸಮಯ 1.13 ಸೆಕೆಂಡ್. ಅಷ್ಟರಲ್ಲಿ ನೆಲ 52.92 ಮೀಟರ್ ಮುಂದೆ ಹೋಗಿರುತ್ತದೆ. ನೆಲದ ಬಾಗಿನ ಗುಂಟ ಅಳೆದರೆ ಚೀಲ ಎಷ್ಟು ಸಾಗಿತು ಅಂತ ನೋಡಲು 51.5 ಅನ್ನು 218ರಿಂದ ಭಾಗಿಸಿ, ಬಂದದ್ದರ ವಿಲೋಮ ಟ್ಯಾನ್ ತೆಗೆದು 224ರಿಂದ ಗುಣಿಸಬೇಕು: 51.96 ಮೀಟರ್. ವ್ಯತ್ಯಾಸ ಸುಮಾರು 95 ಸೆಂಟಿಮೀಟರ್, ಚೀಲ ಏಣಿಯ ಬುಡಕ್ಕಿಂತ ಅಷ್ಟು ಹಿಂದೆ ಬೀಳುತ್ತದೆ. ಕ್ಯಾಲ್ಕುಲೇಟರ್ ಡಿಗ್ರಿಯಲ್ಲಿದ್ದರೆ ಇಲ್ಲಿ ಬರುವ ಅಂಕಿಗೆ ಅರ್ಥವೇ ಇರುವುದಿಲ್ಲ, ಮೊದಲು ರೇಡಿಯನ್‌ಗೆ ತಿರುಗಿಸಿಕೊಳ್ಳಿ.

ಹಾಗಾಗಿ ನನ್ನ ಕತೆಯ ಆಳುಗಳು ಟಾರ್ಪಾಲನ್ನು ಏಣಿಯ ಬುಡದಲ್ಲಿ ಹಾಸುವುದಿಲ್ಲ, ತಿರುಗುವ ದಿಕ್ಕಿಗೆ ಬೆನ್ನು ಮಾಡಿ ಒಂದು ಮೀಟರ್ ಸರಿಸಿ ಹಾಸುತ್ತಾರೆ. 2 ಮೀಟರ್ ಎತ್ತರದಿಂದ ಬಿದ್ದರೆ ಸರಿಯುವುದು ಬರೀ 18 ಸೆಂಟಿಮೀಟರ್, ಕಾಫಿ ಕುಯ್ಯುವವರಿಗೆ ಅದೊಂದು ತೊಂದರೆಯಲ್ಲ. ಬಿಡಿ ಕಾಳಿಗೆ ಈ ಲೆಕ್ಕ ಸರಿಯಾಗಿ ಒಗ್ಗದು, ಗಾಳಿಯೂ ನೆಲದ ಜತೆಗೇ ತಿರುಗುತ್ತಾ ಕಾಳನ್ನು ತಡೆಯುತ್ತದೆ. ಏಣಿ ಹತ್ತುವಾಗ ಮೈ ವಾಲುತ್ತಾ ಅಂತಲೂ ಕೇಳುತ್ತಾರೆ. ವಾಲುತ್ತದೆ: ಸೆಕೆಂಡಿಗೆ ಅರ್ಧ ಮೀಟರ್ ಹತ್ತುವ 60 ಕೆಜಿಯ ಆಳನ್ನು ಸುಮಾರು ಒಂದೂಕಾಲು ಕೆಜಿಯಷ್ಟು ಬಲ ತಿರುಗುವ ದಿಕ್ಕಿಗೆ ತಳ್ಳುತ್ತದೆ. ಇಳಿಯುವಾಗ ಎದುರು ದಿಕ್ಕಿಗೆ.

ಮಳೆಯ ಪ್ರಶ್ನೆ ಮಾರ್ಚ್ ಬಂತೆಂದರೆ ಜಾಸ್ತಿ, ಸಹಜವೇ. ಒಂದು ಎಕರೆಗೆ ಒಂದು ಇಂಚು ಮಳೆ ಅಂದರೆ ಸುಮಾರು 1,03,000 ಲೀಟರ್, 103 ಟನ್. ಇದನ್ನು ನೆಲದಿಂದ ಅಕ್ಷದವರೆಗೆ ಏರಿಸಲು ಎಷ್ಟು ಕರೆಂಟು? ಮೇಲಕ್ಕೆ ಹೋದಂತೆ ತೂಕ ಕಡಿಮೆಯಾಗುತ್ತಾ ಅಕ್ಷದಲ್ಲಿ ಸೊನ್ನೆಯಾಗುವುದರಿಂದ ಪೂರ್ತಿ 224 ಮೀಟರ್ ಹಿಡಿಯಬಾರದು, ಅರ್ಧ ಹಿಡಿಯಬೇಕು. ಪಂಪಿನ ನಷ್ಟ ಬಿಟ್ಟು ಎಕರೆಗೆ 31 ಯೂನಿಟ್. ಆದರೆ ಅಕ್ಷದಲ್ಲಿ ಸುಮ್ಮನೆ ಬಿಟ್ಟ ಹನಿ ಬೀಳುವುದೇ ಇಲ್ಲ, ಅಲ್ಲೇ ತೇಲುತ್ತದೆ. ಅದಕ್ಕೆ ನಳಿಕೆಗಳು ಅಕ್ಷದಿಂದ ದೂರವಿದ್ದು, ನೀರನ್ನು ಹೊರಗಡೆಗೆ ಚಿಮ್ಮಿಸಬೇಕು. ಇಡೀ ತೋಟಕ್ಕೆ ಒಟ್ಟಿಗೆ ಸುರಿಸುವುದೂ ಆಗದು. 348 ಎಕರೆಯ ನೀರು 35,000 ಟನ್ನಿಗೂ ಮೇಲೆ, ನನ್ನ ಸಿಲಿಂಡರಿನ ತೂಕದ ಹತ್ತಿರ ಹತ್ತಿರ ಶೇಕಡಾ 1. ಅದೆಲ್ಲ ಅಕ್ಷಕ್ಕೆ ಹೋದರೆ ತಿರುಗುವ ವೇಗ ಹೆಚ್ಚಿ, ನೆಲದ ಮೇಲಿದ್ದವರ ತೂಕ ಶೇಕಡಾ 2ರಷ್ಟು ಏರುತ್ತದೆ. ಒಂದೇ ಬದಿಯ 50 ಎಕರೆಗೆ ಮಾತ್ರ ಸುರಿಸಿದರೆ ತೂಕದ ಕೇಂದ್ರ ಸುಮಾರು 30 ಸೆಂಟಿಮೀಟರ್ ಸರಿದು ಇಡೀ ತೋಟ ಓಲಾಡುತ್ತದೆ. ಇಲ್ಲಿ ಸ್ಪ್ರಿಂಕ್ಲರ್ ಬ್ಲಾಕಿನಿಂದ ಬ್ಲಾಕಿಗೆ ಬದಲಿಸಿದ ಹಾಗೆ ಅಲ್ಲೂ ಬ್ಲಾಕುಗಳೇ, ಆದರೆ ಯಾವಾಗಲೂ ಎದುರುಬದುರಿನ ಜೋಡಿ.

ಗೋಡೆಯ ದಪ್ಪ ಕೇಳುವವರು ಮಣ್ಣಿನ ಭಾರವನ್ನೇ ದೊಡ್ಡದು ಅಂದುಕೊಳ್ಳುತ್ತಾರೆ. ಒಂದು ಮೀಟರ್ ಆಳದ ಮಣ್ಣು ಚದರ ಮೀಟರಿಗೆ ಸುಮಾರು 1.6 ಟನ್, ಒಳಗಿನ ಗಾಳಿ ತಳ್ಳುವುದು 10 ಟನ್. ಉಕ್ಕು ತಡೆಯುವ ಎಳೆತಕ್ಕೆ 200 ಮೆಗಾಪ್ಯಾಸ್ಕಲ್ (ಚದರ ಸೆಂಟಿಮೀಟರಿಗೆ ಸುಮಾರು 2 ಟನ್) ಮಿತಿ ಹಾಕಿದರೆ 14 ಸೆಂಟಿಮೀಟರ್ ದಪ್ಪ ಸಾಕು.

ಎಲ್ಲಕ್ಕಿಂತ ಗಟ್ಟಿ ಪ್ರಶ್ನೆ ಅಂದರೆ: ಇದು ಪಲ್ಟಿ ಹೊಡೆಯುವುದಿಲ್ಲವೇ? ಇಂಥ ಪ್ರಶ್ನೆಗೆ ಹಳೆಯ ಇತಿಹಾಸವಿದೆ. ಅಮೆರಿಕದ ವಿಜ್ಞಾನ ಕತೆಗಾರ ಲ್ಯಾರಿ ನಿವೆನ್ 1970ರ 'ರಿಂಗ್‌ವರ್ಲ್ಡ್' ಕಾದಂಬರಿಯಲ್ಲಿ ಸೂರ್ಯನಂಥ ನಕ್ಷತ್ರವೊಂದರ ಸುತ್ತ ಬಳೆಯಂಥ ಲೋಕ ಕಟ್ಟಿದರು. ಮರುವರ್ಷದ ವಿಶ್ವ ವಿಜ್ಞಾನ ಕತೆ ಸಮ್ಮೇಳನದಲ್ಲಿ ಅಮೆರಿಕದ ತಾಂತ್ರಿಕ ವಿಶ್ವವಿದ್ಯಾಲಯ ಎಂಐಟಿಯ ವಿದ್ಯಾರ್ಥಿಗಳು "ಆ ಬಳೆ ಅಸ್ಥಿರ" ಅಂತ ಘೋಷಣೆ ಕೂಗಿದರು. ಬಳೆ ಸ್ವಲ್ಪ ಪಕ್ಕಕ್ಕೆ ಸರಿದರೂ ಸಾಕು, ನಕ್ಷತ್ರ ಹತ್ತಿರದ ಬದಿಯನ್ನು ಇನ್ನಷ್ಟು ಎಳೆಯುತ್ತದೆ. ನಿವೆನ್ ಅದರ ಮುಂದುವರಿದ ಭಾಗವಾದ ಕಾದಂಬರಿಯಲ್ಲಿ ಬಳೆಯ ಅಂಚಿಗೆ ಜೆಟ್ ಎಂಜಿನ್ ಕೂಡಿಸಿ ಉತ್ತರ ಕೊಟ್ಟರು. ನನ್ನ ಸಿಲಿಂಡರಿನ ರೋಗ ಬೇರೆ. ಉದ್ದನೆಯ ವಸ್ತು ಉದ್ದದ ಅಕ್ಷದ ಸುತ್ತ ತಿರುಗುತ್ತಾ, ಒಳಗೆ ನೀರು ತುಳುಕಿ ಶಕ್ತಿ ಕಳೆದುಕೊಂಡರೆ, ಕ್ರಮೇಣ ಅಡ್ಡಕ್ಕೆ ಪಲ್ಟಿ ಹೊಡೆಯುತ್ತಾ ತಿರುಗತೊಡಗುತ್ತದೆ. 1958ರಲ್ಲಿ ಅಮೆರಿಕದ ಎಕ್ಸ್‌ಪ್ಲೋರರ್ 1 ಉಪಗ್ರಹಕ್ಕೆ ಆದದ್ದು ಇದೇ, ಅದರ ಬಳುಕುವ ಆಂಟೆನಾಗಳಿಂದ. ಎರಡೂ ತುದಿಯ ಮುಚ್ಚಳ ಲೆಕ್ಕಕ್ಕೆ ತೆಗೆದುಕೊಳ್ಳದೆ ನೋಡಿದರೆ ಉದ್ದ ತ್ರಿಜ್ಯದ 2.45 ಪಟ್ಟಿಗಿಂತ ಕಡಿಮೆ ಇರಬೇಕು, ಅಂದರೆ 549 ಮೀಟರಿನ ಒಳಗೆ. ಒಂದು ಕಿಲೋಮೀಟರ್ ಬೇಕೇ ಬೇಕು ಅಂದರೆ ಎದುರು ದಿಕ್ಕಿಗೆ ತಿರುಗುವ ಇನ್ನೊಂದು ಸಿಲಿಂಡರನ್ನು ಪಕ್ಕದಲ್ಲಿ ಜೋಡಿಸಬೇಕು. ಕತೆಯಲ್ಲಿ ಪಕ್ಕದ ತೋಟ ಇರುವುದು ಅದಕ್ಕೇ.

ನಕ್ಷತ್ರಯಾನದ ಒಂದು ಕತೆಯ ಬಗ್ಗೆಯೂ ಒಂದು ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ: ಸೂರ್ಯನಿಗೆ ಅತಿ ಹತ್ತಿರದ ನಕ್ಷತ್ರ ಪ್ರಾಕ್ಸಿಮಾಕ್ಕೆ ಹೊರಟವರಿಗೆ ಎಷ್ಟು ಪುತ್ತರಿ (ಕೊಡಗಿನ ಸುಗ್ಗಿ ಹಬ್ಬ) ತಪ್ಪುತ್ತದೆ? ದೂರ 4.24 ಜ್ಯೋತಿರ್ವರ್ಷ. ಅರ್ಧ ದಾರಿ ಭೂಮಿಯ ಗುರುತ್ವದಷ್ಟೇ ವೇಗ ಏರಿಸಿ, ಉಳಿದರ್ಧ ಇಳಿಸಿದರೆ ಹಡಗಿನ ಗಡಿಯಾರದಲ್ಲಿ 3.5 ವರ್ಷ, ಊರಿನಲ್ಲಿ 5.9. ಅವರ ಎಣಿಕೆಯಲ್ಲಿ ಮೂರೋ ನಾಲ್ಕೋ ಪುತ್ತರಿ, ಮನೆಯವರ ಎಣಿಕೆಯಲ್ಲಿ ಐದೋ ಆರೋ. ಆ ಕತೆಯಲ್ಲಿ ನಾನು ಜಾಗ ಕೊಟ್ಟ ಸುಳ್ಳು ಅಂದರೆ ಎಂಜಿನ್: ಇಂಧನವನ್ನೆಲ್ಲ ಬೆಳಕಾಗಿಯೇ ಹಿಂದಕ್ಕೆ ಚೆಲ್ಲಿದರೂ, ಒಂದು ಟನ್ ತಲುಪಲು 39 ಟನ್ನಿನಷ್ಟು ಹೊರಡಬೇಕು. ಅಲ್ಲಿ ಇಳಿದ ಮೇಲೆ, ಪಾಡಿ ಇಗ್ಗುತಪ್ಪ ದೇವಸ್ಥಾನದಲ್ಲಿ ಗೊತ್ತಾದ ಪುತ್ತರಿ ಮುಹೂರ್ತದ ಸುದ್ದಿ ಸಿಗುವುದು 4.24 ವರ್ಷ ತಡವಾಗಿ, ಆದ್ದರಿಂದ ಪಂಚಾಂಗವನ್ನು ಅವರೇ ಗುಣಿಸಿಕೊಳ್ಳುತ್ತಾರೆ.