ಎಲ್ಲರೂ ಬರೆಯಬೇಕು: ಪ್ರಶ್ನೆ ಪೆಟ್ಟಿಗೆ ನನಗೆ ಒಲಿದ ಬಗೆ

ಮಕ್ಕಳು ಹೆಸರಿಲ್ಲದ ಚೀಟಿಯಲ್ಲಿ ಪ್ರಶ್ನೆ ಬರೆದು ಹಾಕುವ ಪ್ರಶ್ನೆ ಪೆಟ್ಟಿಗೆ ಹೊಸದೇನಲ್ಲ. ಹದಿಹರೆಯದವರಿಗೆ ಲೈಂಗಿಕ ಶಿಕ್ಷಣ ಹೇಳಿಕೊಡುವ ನಾವೆಲ್ಲ ಒಂದಲ್ಲ ಒಂದು ಸಲ ಇಟ್ಟವರೇ. ಬಹಳ ಜನ ಎರಡು ತಿಂಗಳಿಗೇ ಕೈಬಿಟ್ಟವರು ಕೂಡ. ನಾನೂ ಎರಡು ಸಲ ಬಿಟ್ಟೆ. ಮೂರನೇ ಸಲ ಹಿಡಿದು ಈಗ ಆರು ವರ್ಷ ಆಯಿತು, ಇನ್ನೂ ನಡೆಯುತ್ತಿದೆ. "ಇದೆಲ್ಲ ಆಗೋ ಮಾತಲ್ಲ ಬಿಡಿ" ಎಂದಿದ್ದ ಇಬ್ಬರು ಸಹೋದ್ಯೋಗಿಗಳು ಈಗ ನನ್ನದೇ ಚೀಟಿಯನ್ನು ತಮ್ಮ ತರಗತಿಯಲ್ಲಿ ಹಂಚುತ್ತಾರೆ. ಆ ಖುಷಿಗೇ ಬರೆಯುತ್ತಿದ್ದೇನೆ.

ಮೊದಲು ದುಡ್ಡು ಹೋದ ಕಥೆ. ಶುರುವಿನಲ್ಲಿ ನನಗೆ ಸಾಮಗ್ರಿಯ ಹುಚ್ಚು. ಬಣ್ಣದ ಚಾರ್ಟು, ಗರ್ಭಕೋಶದ ಪ್ಲಾಸ್ಟಿಕ್ ಮಾದರಿ, ಬಾಡಿಗೆ ಪ್ರೊಜೆಕ್ಟರ್. ಎಲ್ಲ ಸೇರಿ ಸುಮಾರು ಎರಡು ತಿಂಗಳ ಸಂಬಳ ನನ್ನ ಕೈಯಿಂದಲೇ ಹೋಯಿತು. ಮುಕ್ಕಾಲು ಗಂಟೆ ವಿವರಿಸಿ "ಏನಾದರೂ ಕೇಳೋದಿದೆಯಾ?" ಅಂದೆ. ನಲವತ್ತು ಮಕ್ಕಳೂ ತಲೆ ಬಗ್ಗಿಸಿ ಡೆಸ್ಕ್ ನೋಡುತ್ತಿದ್ದರು. ಆಮೇಲೆ ವೈದ್ಯರೊಬ್ಬರನ್ನು ಕರೆಸಿದೆ. ಅವರು ಲೈಂಗಿಕ ರೋಗಗಳ ಫೋಟೊ ತೋರಿಸಿದರು. ಹುಟ್ಟಿದ್ದು ಹೆದರಿಕೆ ಮಾತ್ರ. ತೊಡೆಯ ಹತ್ತಿರ ಒಂದು ಗುಳ್ಳೆ ಎದ್ದಿದ್ದ ಹುಡುಗನೊಬ್ಬ ತನಗೂ ಅದೇ ರೋಗ ಎಂದುಕೊಂಡು ತಿಂಗಳುಗಟ್ಟಲೆ ಕೊರಗಿದ್ದ. ನನಗೆ ಗೊತ್ತಾಗಿದ್ದು ವರ್ಷದ ಕೊನೆಗೆ. ಅದನ್ನು ನೆನೆದರೆ ಇವತ್ತಿಗೂ ಹೊಟ್ಟೆ ಕಿವುಚುತ್ತದೆ.

ಆಗ ಬಾಗಿಲ ಹತ್ತಿರ ಪೆಟ್ಟಿಗೆ ಇಟ್ಟೆ. ತಿಂಗಳಲ್ಲಿ ಬಿದ್ದದ್ದು ಮೂರು ಚೀಟಿ. ಎರಡರಲ್ಲಿ ಬೈಗುಳ, ಒಂದು ಖಾಲಿ. ಯಾಕೆ ಅಂತ ಹೊಳೆಯಲು ಒಂದು ವರ್ಷ ಬೇಕಾಯಿತು. ಚೀಟಿಯಲ್ಲಿ ಹೆಸರಿಲ್ಲ, ಸರಿ. ಆದರೆ ಪೆಟ್ಟಿಗೆಯ ಹತ್ತಿರ ಎದ್ದು ಹೋದವರು ಯಾರೆಂದು ಇಡೀ ತರಗತಿ ನೋಡುತ್ತದಲ್ವಾ!

ಈಗ ಯಾರೂ ಏಳುವುದಿಲ್ಲ, ಪೆಟ್ಟಿಗೆಯೇ ಅವರ ಬಳಿ ಹೋಗುತ್ತದೆ. ಎಲ್ಲರಿಗೂ ಒಂದೇ ಅಳತೆಯ ಚೀಟಿ, ಒಂದೇ ಬಗೆಯ ಪೆನ್ಸಿಲ್, ಐದು ನಿಮಿಷ. ಪ್ರಶ್ನೆ ಇಲ್ಲದವರು ಬೋರ್ಡ್ ಮೇಲಿನ ಸಾಲನ್ನು ನಕಲು ಮಾಡಬೇಕು. ಯಾರ ಕೈಯೂ ಸುಮ್ನೆ ಇರಬಾರದು. ಬೋರ್ಡ್ ಮೇಲೆ ನಾನು ಬರೆಯುವುದು 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿಯ ಸಾರ: "ನನಗೆ ಸಂಬಂಧಿಸಿದ ವಿಷಯದಲ್ಲಿ ನನ್ನ ಅನಿಸಿಕೆ ಹೇಳುವ ಹಕ್ಕು ನನಗಿದೆ." ಚೀಟಿಯ ಕೆಳಗೆ ಎರಡು ಚೌಕ, 'ಎಲ್ಲರ ಮುಂದೆ ಓದಿ' ಮತ್ತು 'ಓದಬೇಡಿ'. ಒಂದಕ್ಕೆ ಗುರುತು ಹಾಕಲೇಬೇಕು. ಚೀಟಿಗಳನ್ನು ಮನೆಗೆ ಒಯ್ದು ಓದುತ್ತೇನೆ, ಮುಂದಿನ ವಾರ ಉತ್ತರ. ಯಾವ ಪ್ರಶ್ನೆಯ ಬೆನ್ನಿಗೆ ಯಾವುದನ್ನು ತೆಗೆದುಕೊಳ್ಳಬೇಕು ಎಂಬುದರಲ್ಲೇ ತರಗತಿ ನಿಲ್ಲುವುದು, ಬೀಳುವುದು. ಆ ಜೋಡಣೆಯನ್ನು ಇಲ್ಲಿ ಬಿಚ್ಚಿಡುವುದಿಲ್ಲ. ನನ್ನ ಜೊತೆ ನಾಲ್ಕು ತರಗತಿ ಕೂತವರಿಗೆ ಹೇಳಿಕೊಡುತ್ತೇನೆ. ಖರ್ಚು? ವರ್ಷದ ಕಾಗದ, ಪೆನ್ಸಿಲ್ ಎಲ್ಲ ಸೇರಿದರೂ ಹಳೆಯ ಒಂದು ಚಾರ್ಟಿನ ಅರ್ಧ ಬೆಲೆ ದಾಟುವುದಿಲ್ಲ.

ಹೆಚ್ಚುಕಡಿಮೆ 1,800 ಚೀಟಿ ಓದಿದ್ದೇನೆ. ಅರ್ಧಕ್ಕಿಂತ ಜಾಸ್ತಿ ಚೀಟಿಗಳ ಒಳಗಿರುವುದು ಒಂದೇ ಅಳುಕು: ನನಗೆ ಮಾತ್ರ ಹೀಗಾ? ಒಂದನ್ನು ಉಗುರಿನಷ್ಟು ಚಿಕ್ಕದಾಗಿ ಮಡಚಿದ್ದರು. ಅಂಗೈ ಬೆವರಿಗೆ ಅಕ್ಷರ ಮಸುಕಾಗಿತ್ತು. "ಮುಟ್ಟು ಶುರುವಾಗಿ ಒಂದು ವರ್ಷ. ಒಮ್ಮೆ 24 ದಿನಕ್ಕೆ, ಒಮ್ಮೆ 41 ದಿನಕ್ಕೆ. ಇದು ಕ್ಯಾನ್ಸರಾ?" ಮೊದಲು 'ಓದಬೇಡಿ' ಎಂದು ಗುರುತು ಹಾಕಿ, ರಬ್ಬರಿನಿಂದ ಉಜ್ಜಿ, 'ಓದಿ' ಎಂದು ಬದಲಿಸಿದ್ದಳು. ಕಾಗದ ಅಲ್ಲಿ ತೆಳುವಾಗಿತ್ತು. ಮುಂದಿನ ವಾರ ಹೇಳಿದೆ: ಮೊದಲ ಕೆಲವು ವರ್ಷ 21ರಿಂದ 45 ದಿನದ ಅಂತರ ಸಹಜ, ಮೂರು ತಿಂಗಳು ಬಾರದಿದ್ದರೆ, ಅಥವಾ ಗಂಟೆಗೊಂದು ಪ್ಯಾಡ್ ತೊಯ್ದರೆ, ವೈದ್ಯರಿಗೆ ತೋರಿಸಿ. ಏಳೆಂಟು ಜನ ಆ ಅಂಕಿ ಬರೆದುಕೊಂಡರು. ಚೀಟಿ ಯಾರದೆಂದು ನನಗೆ ಇವತ್ತಿಗೂ ಗೊತ್ತಿಲ್ಲ.

ಮಕ್ಕಳು ಹೊಲಸು ಬರೀತಾರೆ ಎಂದು ಹೆದರಿಸಿದ್ದರು. ಬರೆದರು, ನಿಜ. ಶುರುವಿನಲ್ಲಿ ಹತ್ತಕ್ಕೊಂದು. ನಾನು ಒಂದನ್ನೂ ಎಸೆಯಲಿಲ್ಲ. ಪೋಲಿ ಪದದ ಜಾಗದಲ್ಲಿ ಸರಿಯಾದ ಹೆಸರಿಟ್ಟು ಗಂಭೀರವಾಗಿ ಉತ್ತರಿಸಿದೆ. ಎಷ್ಟೋ ಮಕ್ಕಳಿಗೆ ಗೊತ್ತಿದ್ದ ಪದವೇ ಅದೊಂದು. 'ಹಸ್ತಮೈಥುನ' ಎಂದು ಬೋರ್ಡ್ ಮೇಲೆ ಬರೆದರೆ, ತಾವು ಕೇಳಿದ್ದು ಅದನ್ನೇ ಎಂದು ಅವರಿಗೆ ತಿಳಿಯುತ್ತಲೇ ಇರಲಿಲ್ಲ.

"ಹೇಳಿಕೊಟ್ಟರೆ ಮಾಡಿ ನೋಡ್ತಾರಲ್ವಾ?" ಎನ್ನುವ ಪೋಷಕರಿಗೆ 2018ರ ಯುನೆಸ್ಕೊ ಮಾರ್ಗಸೂಚಿ ತೋರಿಸಿದೆ. ಲೈಂಗಿಕ ಶಿಕ್ಷಣದಿಂದ ಮಕ್ಕಳು ಬೇಗ ಲೈಂಗಿಕ ಸಂಬಂಧಕ್ಕೆ ಇಳಿಯುವುದಿಲ್ಲ ಎಂದು ಅದರಲ್ಲಿ ಸ್ಪಷ್ಟವಾಗಿದೆ. ಅವರು ಅಲುಗಲಿಲ್ಲ. ಬೇರೆ ಕಡೆಯ ಹಳೆಯ ತಂಡದ ಹತ್ತು ಪ್ರಶ್ನೆಗಳನ್ನು ನನ್ನ ಕೈಬರಹದಲ್ಲಿ ಬರೆದು ಓದಿದೆ. ಸಭೆ ಮುಗಿದ ಮೇಲೆ ಒಬ್ಬ ತಂದೆ ಬಂದು "ನನಗೂ ಒಂದು ಚೀಟಿ ಕೊಡಿ" ಎಂದರು.

ನಡುವೆ ಬೇರೆ ಪ್ರಯೋಗಗಳೂ ಆದವು. ಫೋನ್ ಮೆಸೇಜಿನಲ್ಲಿ ಪ್ರಶ್ನೆ ತರಿಸಿದೆ. ನಂಬರ್ ಕಂಡರೆ ಗುಟ್ಟು ಎಲ್ಲಿಯದು, ಮೂರು ವಾರಕ್ಕೆ ನಿಲ್ಲಿಸಿದೆ. ದೊಡ್ಡ ಮಕ್ಕಳ ತಂಡದಲ್ಲಿ ಊದಿದ ಕಾಂಡೋಮಿಗೆ ಬೇಬಿ ಆಯಿಲ್ ಸವರಿ ತೋರಿಸಿದೆ. ಎಣ್ಣೆ ಕಾಂಡೋಮಿನ ಲ್ಯಾಟೆಕ್ಸ್ ರಬ್ಬರನ್ನು ದುರ್ಬಲ ಮಾಡುತ್ತದೆ, ನೋಡುತ್ತಿದ್ದಂತೆ ಒಡೆಯಿತು. ಅದನ್ನು ಮಾತ್ರ ಇನ್ನೂ ಬಿಟ್ಟಿಲ್ಲ.

'ಓದಬೇಡಿ' ಚೀಟಿಗಳು ಒಂದು 200 ಇರಬಹುದು. ಮೈ ಮುಟ್ಟುವ ನೆಂಟರ ಬಗ್ಗೆ, ಫೋಟೊ ಇಟ್ಟುಕೊಂಡು ಹೆದರಿಸುವವರ ಬಗ್ಗೆ ಬರುವುದು ಅದರಲ್ಲೇ. ನನ್ನ ದೊಡ್ಡ ತಪ್ಪು ಆಗಿದ್ದೂ ಅಲ್ಲೇ. ಮೊದಲ ಸಲ ಅಂಥದ್ದು ಬಂದಾಗ ಕೈಬರಹ ಊಹಿಸಿ ಒಬ್ಬಳನ್ನು ಪಕ್ಕಕ್ಕೆ ಕರೆದೆ. ಅವಳಲ್ಲ. ಸುದ್ದಿ ಹರಡಿತು. ಎರಡು ತಿಂಗಳು ಎಲ್ಲರೂ ಬೋರ್ಡಿನ ಸಾಲನ್ನೇ ನಕಲು ಮಾಡಿದರು. ಈಗ ಯಾರನ್ನೂ ಕರೆಯುವುದಿಲ್ಲ. ದಿನಾ ಅರ್ಧ ಗಂಟೆ ನಾನು ಕೂತಿರುವ ಜಾಗವನ್ನು ಎಲ್ಲರಿಗೂ ಹೇಳುತ್ತೇನೆ. ಇದನ್ನೂ ಹೇಳುತ್ತೇನೆ: "ಎಲ್ಲವನ್ನೂ ಗುಟ್ಟಾಗಿ ಇಡ್ತೀನಿ ಅಂತ ಮಾತು ಕೊಡಲ್ಲ. ಯಾರಾದರೂ ನಿಮಗೆ ತೊಂದರೆ ಕೊಡ್ತಿದ್ದರೆ ಕಾಪಾಡುವವರಿಗೆ ತಿಳಿಸಲೇಬೇಕು. ಆದರೆ ನಿಮಗೆ ಹೇಳದೆ ಒಂದು ಹೆಜ್ಜೆಯೂ ಇಡಲ್ಲ."

ಹಾಗೆ ಬಂದು ಕೂತವರು ಮೂವತ್ತರ ಹತ್ತಿರ. ಹುಡುಗರು ಮೂವರೇ. ಅದಕ್ಕೆ ಈ ವರ್ಷದಿಂದ ಆಟ ಮುಗಿದ ಮೇಲೆ ಮೈದಾನದ ಅಂಚಿನಲ್ಲಿ ಚೆಂಡು ಎಣಿಸುತ್ತಾ ನಿಲ್ಲುತ್ತೇನೆ. ಹೋದ ತಿಂಗಳು ಒಬ್ಬ ಬಂದ. ಹತ್ತು ನಿಮಿಷ ಬೂಟಿನ ಲೇಸ್ ಕಟ್ಟಿದ, ಬಿಚ್ಚಿದ, ಮತ್ತೆ ಕಟ್ಟಿದ. ನಾನು ಎಣಿಸುತ್ತಲೇ ಇದ್ದೆ. ತಲೆ ಎತ್ತದೆ ಮಾತು ಶುರು ಮಾಡಿದ.