ಟೆಸ್ಟ್ ಪೇಪರ್ ಕೈಗೆ ಬಂದ್ಮೇಲೆ ಏನ್ ಮಾಡ್ಬೇಕು? ಎಸ್ಸೆಸ್ಸೆಲ್ಸಿ ಓದ್ತಿರೋರಿಗೆ

ನಾನೀಗ ಪಿಯು ಓದ್ತಿದೀನಿ, ಇದು ಹತ್ತನೇ ಕ್ಲಾಸಲ್ಲಿರೋ ತಮ್ಮ ತಂಗಿಯರಿಗೆ. ಎಸ್ಎ-1 (ವರ್ಷದ ಮಧ್ಯೆ ಬರೋ ಪರೀಕ್ಷೆ) ಪೇಪರ್ ಕೊಟ್ಟ ತಕ್ಷಣ ಕ್ಲಾಸಲ್ಲಿ ನಡಿಯೋದು ಒಂದೇ, ಟೋಟಲ್ ನೋಡೋದು, ಪಕ್ಕದವ್ರಿಗೆ ಎಷ್ಟು ಬಂತು ಅಂತ ಇಣುಕೋದು, ಆಮೇಲೆ ಮನೇಲಿ ಸೈನ್ ಹಾಕಿಸ್ಕೊಂಡು ವಾಪಸ್ ಕೊಟ್ಬಿಡೋದು. ಆದ್ರೆ ನೀವು ಎಲ್ಲಿ ಎಡವ್ತಿದೀರ ಅಂತ ಆ ಪೇಪರ್ ಹೇಳೋಷ್ಟು ಚೆನ್ನಾಗಿ ಯಾವ ಗೈಡೂ ಹೇಳಲ್ಲ. ವಾಪಸ್ ಕೊಡೋಕೆ ಮುಂಚೆ ಒಂದು ಸಂಜೆ ಅದರ ಜೊತೆ ಕೂತ್ಕೊಳ್ಳಿ.

ಒಂದು ನೋಟ್‌ಬುಕ್ ತಗೊಂಡು ಮಾರ್ಕ್ಸ್ ಹೋಗಿರೋ ಪ್ರತಿ ಪ್ರಶ್ನೆ ಮುಂದೆ ಯಾಕೆ ಹೋಯ್ತು ಅಂತ ಬರೀರಿ: ಗೊತ್ತಿರ್ಲಿಲ್ಲ, ಗೊತ್ತಿತ್ತು ಆದ್ರೆ ತಪ್ಪು ಬರ್ದೆ, ಪ್ರಶ್ನೆ ಸರಿಯಾಗಿ ಓದ್ಲಿಲ್ಲ, ಟೈಮ್ ಸಾಲ್ಲಿಲ್ಲ. ಈ ನಾಲ್ಕು ಸಾಕು. 'ಕೇರ್‌ಲೆಸ್ ಮಿಸ್ಟೇಕ್' ಅಂತ ಮಾತ್ರ ಬರೀಬೇಡಿ, ಹಾಗೆ ಬರೆದ್ರೆ ಏನ್ ಸರಿ ಮಾಡ್ಬೇಕು ಅಂತ ಗೊತ್ತಾಗಲ್ಲ.

ಒಂದು ಲೆಕ್ಕ ನೋಡಿ. ಎಕ್ಸ್ ಸ್ಕ್ವೇರ್ ಮೈನಸ್ 5 ಎಕ್ಸ್ ಮೈನಸ್ 6 ಈಕ್ವಲ್ ಟು ಸೊನ್ನೆ, ಸೂತ್ರ ಹಾಕಿ ಬಿಡಿಸ್ಬೇಕು. ಇಲ್ಲಿ ಸಿ, ಅಂದ್ರೆ ಎಕ್ಸ್ ಇಲ್ಲದ ಕೊನೇ ಸಂಖ್ಯೆ, ಮೈನಸ್ 6, ಹಾಗಾಗಿ ಶೋಧಕ (ಬಿ ಸ್ಕ್ವೇರ್ ಮೈನಸ್ 4 ಎಸಿ) 25 ಪ್ಲಸ್ 24, ಅಂದ್ರೆ 49, ಉತ್ತರ 6 ಮತ್ತು ಮೈನಸ್ 1. ಸಿ ಬೆಲೆ ಬರಿಯೋವಾಗ ಮೈನಸ್ ಬಿಟ್ರೆ 25 ಮೈನಸ್ 24 ಆಗಿ 1 ಬರುತ್ತೆ, ಉತ್ತರ 3 ಮತ್ತು 2. ಇದೂ ನೀಟಾಗಿ ಪೂರ್ಣ ಸಂಖ್ಯೇಲೇ ಬರೋದ್ರಿಂದ ಯಾರಿಗೂ ಅನುಮಾನನೇ ಬರಲ್ಲ! ಇಂಥವ್ರು ವರ್ಗಸಮೀಕರಣ ಚಾಪ್ಟರ್ ಮತ್ತೆ ಮೊದ್ಲಿಂದ ಓದೋದು ವೇಸ್ಟು, ಎ, ಬಿ, ಸಿ ಬೆಲೆಗಳನ್ನ ಚಿಹ್ನೆ ಸಮೇತ ಬೇರೆ ಸಾಲಲ್ಲಿ ಬರ್ಕೊಳ್ಳೋದು, ಉತ್ತರ ಬಂದ್ಮೇಲೆ ಸಮೀಕರಣಕ್ಕೆ ಹಾಕಿ ನೋಡೋದು, ಇಷ್ಟು ರೂಢಿ ಮಾಡ್ಕೊಂಡ್ರೆ ಸಾಕು.

ಸೈನ್ಸಲ್ಲಿ ಹೃದಯದ ಚಿತ್ರ ಬರೆದು ಎಡ ಹೃತ್ಕುಕ್ಷಿ ಗುರ್ತಿಸಿ ಅಂದ್ರೆ ಅದೊಂದನ್ನ ಬಿಟ್ಟು ಮಿಕ್ಕಿದ್ದೆಲ್ಲ ಗುರ್ತಿಸಿ ಬರೋರು ಇದಾರೆ. ಕಿರಣ ಚಿತ್ರದಲ್ಲಿ ಬಾಣದ ಗುರುತೇ ಇರಲ್ಲ. ಇಂಥದ್ದು ಜಾಸ್ತಿ ಇದ್ರೆ ಪ್ರಶ್ನೆಪತ್ರಿಕೆ ಓದೋಕೆ ಅಂತ ಕೊಡೋ 15 ನಿಮಿಷದಲ್ಲಿ ಏನ್ ಕೇಳಿದಾರೆ ಅನ್ನೋದನ್ನ ನಿಧಾನಕ್ಕೆ ಓದೋ ಅಭ್ಯಾಸ ಮಾಡಿ. ಟೈಮ್ ಸಾಲದವ್ರು ಮನೇಲಿ ಗಡಿಯಾರ ಇಟ್ಕೊಂಡು ಹಳೇ ಪೇಪರ್ ಬರೀಬೇಕು, ಬೇರೆ ದಾರಿ ಇಲ್ಲ.

ಇನ್ನೊಂದು ಮುಖ್ಯವಾದ್ದು. ಮುಂದಿನ ಟೆಸ್ಟಲ್ಲೂ 80ಕ್ಕೆ ಅಷ್ಟೇ ಮಾರ್ಕ್ಸ್ ಬಂತು ಅಂತ ಬೇಜಾರ್ ಮಾಡ್ಕೊಳ್ಳೋಕೆ ಮುಂಚೆ ನೋಟ್‌ಬುಕ್ ತೆಗೆದು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಹೋದ್ಸಲ 'ಗೊತ್ತಿರ್ಲಿಲ್ಲ' ಅನ್ನೋದೇ ಹೆಚ್ಚಿದ್ದು ಈ ಸಲ 'ಗೊತ್ತಿತ್ತು, ತಪ್ಪು ಬರ್ದೆ' ಅನ್ನೋದು ಹೆಚ್ಚಿದ್ರೆ ನೀವು ನಿಜವಾಗ್ಲೂ ಮುಂದೆ ಬಂದಿದೀರ, ಟೋಟಲ್‌ಗೆ ಅದಿನ್ನೂ ಕಾಣ್ತಿಲ್ಲ ಅಷ್ಟೇ. ಮನೇಲಿ ಬೈದ್ರೆ ಇದನ್ನೇ ತೋರ್ಸಿ, ಅಪ್ಪ ಅಮ್ಮಂಗೂ ಅರ್ಥ ಆಗುತ್ತೆ.

ಪ್ರಿಪರೇಟರಿ (ಬೋರ್ಡ್ ಪರೀಕ್ಷೆಗೆ ಮುಂಚಿನ ತಯಾರಿ ಪರೀಕ್ಷೆ) ಹತ್ರ ಬಂದಾಗ ಇಡೀ ಟೆಕ್ಸ್ಟ್‌ಬುಕ್ ತಿರುವೋ ಬದ್ಲು ಮೊದ್ಲು ಈ ನೋಟ್‌ಬುಕ್‌ನಲ್ಲಿರೋ ಪ್ರಶ್ನೆಗಳನ್ನೇ ಉತ್ತರ ನೋಡ್ದೆ ಮತ್ತೆ ಬರೀರಿ, ಸರಿ ಬಂದಿದ್ದಕ್ಕೆ ಗೆರೆ ಎಳೀರಿ, ಉಳಿದಿದ್ದನ್ನ ಹಿಡ್ಕೊಂಡು ಹೋಗಿ ಸಬ್ಜೆಕ್ಟ್ ಟೀಚರ್ ಹತ್ರ ಕೇಳಿ. 'ಸರ್, ಈ ಸ್ಟೆಪ್ ಯಾಕೆ ಹಿಂಗೆ?' ಅಂತ ಪೇಪರ್ ತೋರಿಸಿ ಕೇಳೋರಿಗೆ ಟೀಚರ್‌ಗಳು ಖುಷಿಯಿಂದ ಟೈಮ್ ಕೊಡ್ತಾರೆ.